ನೆರೆ ಇಳಿದ ಮೇಲೆ ಆರಂಭವಾಗುವ ಕೆಲಸ: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಒಂದು ಮುಖ

ಶಿವಮೊಗ್ಗದಲ್ಲಿ ಮುಂಗಾರು ಬಿರುಸಾಯಿತೆಂದರೆ ಊರಿನ ಜನ ತುಂಗೆಯ ದಡಕ್ಕೆ ಹೋಗಿ ಮೊದಲು ನೋಡುವುದು ಕೋರ್ಪಲಯ್ಯನ ಛತ್ರದ ಬಳಿಯ ಕಲ್ಲಿನ ಮಂಟಪವನ್ನು. ಮಂಟಪದ ಬುಡಕ್ಕೆ ನೀರು ಬಂದರೆ ಸಂಭ್ರಮ, ನೆತ್ತಿ ಮುಳುಗಿದರೆ ಆತಂಕ. ತಲೆಮಾರುಗಳಿಂದ ನಗರದ ಜನಕ್ಕೆ ಅದೇ ಅಳತೆಗೋಲು. 2019ರ ಆಗಸ್ಟ್‌ನಲ್ಲಿ ಮಂಟಪ ಕಣ್ಮರೆಯಾದುದಷ್ಟೇ ಅಲ್ಲ, ನದಿಯಂಚಿನ ತಗ್ಗು ಬಡಾವಣೆಗಳ ಮನೆಗಳಿಗೂ ನೀರು ನುಗ್ಗಿತು. ಜನ ಗಂಜಿ ಕೇಂದ್ರಗಳನ್ನು ಸೇರಿದರು. ಅಧಿಕಾರಿಗಳು ಬಂದರು, ಪಟ್ಟಿ ಬರೆದುಕೊಂಡರು, ಪರಿಹಾರ ಘೋಷಣೆಯಾಯಿತು. ನೀರು ಇಳಿಯಿತು.

ನೀರು ಇಳಿದ ಮೇಲೆ ಸರ್ಕಾರದ ಕೆಲಸ ಮುಗಿಯಿತೇ, ಅಥವಾ ಆರಂಭವಾಯಿತೇ? ನೂರು ವರ್ಷಗಳಿಗೂ ಹಿಂದೆ ಈ ಪ್ರಶ್ನೆಗೆ ತಮ್ಮ ಕೆಲಸದಿಂದಲೇ ಉತ್ತರ ಕೊಟ್ಟವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ಒಳಗೇ ಇರುವ ಭದ್ರಾವತಿಗೆ ಅವರು ಕಬ್ಬಿಣದ ಕಾರ್ಖಾನೆಯ ಜನಕ. ಮಂಡ್ಯದ ರೈತರಿಗೆ ಕನ್ನಂಬಾಡಿ ಕಟ್ಟೆಯ ಶಿಲ್ಪಿ. ನಾಡಿಗೆಲ್ಲ ದಿವಾನರು, ಭಾರತರತ್ನ. ಆದರೆ ಅವರ ದೀರ್ಘ ಬದುಕಿನ ಉದ್ದಕ್ಕೂ ಹರಿದು ಬಂದ ಇನ್ನೊಂದು ಎಳೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಬರ ಮತ್ತು ಪ್ರವಾಹಗಳ ಎದುರು ಆಡಳಿತ ಹೇಗೆ ನಿಲ್ಲಬೇಕೆಂಬ ಚಿಂತನೆಯೇ ಆ ಎಳೆ.

ಬರಗಾಲದ ನೆರಳಿನಲ್ಲಿ

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಸಿದ. ಖರ್ಚಿಗೆ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ.

ಆ ಹುಡುಗ ಹದಿಹರೆಯಕ್ಕೆ ಕಾಲಿಟ್ಟ ಹೊತ್ತಿಗೆ ಮೈಸೂರು ಸಂಸ್ಥಾನವನ್ನು ಧಾತು, ಈಶ್ವರ ಸಂವತ್ಸರಗಳ ಬರ ಆವರಿಸಿತು. 1876ರಿಂದ 1878ರವರೆಗೆ ನಡೆದ ಆ ಅನಾಹುತದ ಪ್ರಮಾಣವನ್ನು ಜನಗಣತಿಯ ಎರಡು ಸಂಖ್ಯೆಗಳೇ ಹೇಳುತ್ತವೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಕುಸಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಿಮೆಯಾಗಿತ್ತು.

ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಬರ ಬರುತ್ತಿದೆಯೆಂಬ ಸೂಚನೆಗಳಿದ್ದರೂ ಸಿದ್ಧತೆ ಇರಲಿಲ್ಲ. ಗಂಜಿ ಕೇಂದ್ರಗಳನ್ನು ತೆರೆಯುವ ಹೊತ್ತಿಗೆ ಜನ ನಿತ್ರಾಣರಾಗಿದ್ದರು. ಕೆಲಸ ಕೊಟ್ಟು ಕೂಲಿ ಕೊಡುವ ಯೋಜನೆಯಲ್ಲಿಯೂ ಖರ್ಚು ಉಳಿಸುವ ಆತುರವೇ ಮುಂದಿತ್ತು. 1881ರಲ್ಲಿ ಒಡೆಯರ ಮನೆತನಕ್ಕೆ ರಾಜ್ಯ ಮರಳಿದಾಗ ಅದರೊಂದಿಗೆ ಬರಗಾಲದ 80 ಲಕ್ಷ ರೂಪಾಯಿ ಸಾಲವೂ ಬಂದಿತು.

ಈ ದುರಂತದ ಬಳಿಕ ರಿಚರ್ಡ್ ಸ್ಟ್ರೇಚಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ನೀಡಿತು. ಬರ ಬಂದಾಗ ಯಾರು ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಡುವ ಕ್ಷಾಮ ಸಂಹಿತೆಗಳು ಹುಟ್ಟಿದ್ದು ಆ ವರದಿಯಿಂದ. ಅದರಲ್ಲಿ ಇನ್ನೊಂದು ಮುಖ್ಯ ಮಾತೂ ಇತ್ತು. ದೇಶದ ಬಹುಪಾಲು ಜನ ಬೇಸಾಯವೊಂದನ್ನೇ ನೆಚ್ಚಿರುವುದರಿಂದ ಮಳೆ ಕೈಕೊಟ್ಟ ವರ್ಷ ಅವರಿಗೆ ಬೇರೆ ದುಡಿಮೆಯೇ ಇರುವುದಿಲ್ಲ, ಆದ್ದರಿಂದ ಬೇರೆ ಕಸುಬುಗಳನ್ನು ಬೆಳೆಸಬೇಕೆಂಬುದು ಅದರ ತಾತ್ಪರ್ಯ. ಮುಂದೆ ಭದ್ರಾವತಿಯ ಕಾರ್ಖಾನೆಯ ಹಿಂದೆ ಇದೇ ವಿಚಾರ ಕೆಲಸ ಮಾಡಿದುದನ್ನು ಕಾಣಬಹುದು.

ಸಾಲದ ಹೊರೆ ಹೊತ್ತಿದ್ದ ಆ ಸಂಸ್ಥಾನವೇ, ರಂಗಾಚಾರ್ಲು ಅವರು ದಿವಾನರಾಗಿದ್ದಾಗ, ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಮುಗಿಸಿದ ಬಡ ವಿದ್ಯಾರ್ಥಿಗೆ ಪುಣೆಯಲ್ಲಿ ಇಂಜಿನಿಯರಿಂಗ್ ಓದಲು ವಿದ್ಯಾರ್ಥಿವೇತನ ನೀಡಿತು. 1883ರಲ್ಲಿ ಪ್ರಥಮ ಸ್ಥಾನ ಗಳಿಸಿ ತೇರ್ಗಡೆಯಾದ ಅವರು ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ನೀರಿಗೆ ತಾನಾಗಿ ತೆರೆವ ಬಾಗಿಲು

ಮುಂಬಯಿ ಪ್ರಾಂತದ ಕಾಲು ಶತಮಾನದ ಸೇವೆಯಲ್ಲಿ ವಿಶ್ವೇಶ್ವರಯ್ಯನವರು ನೀರಿನ ಎರಡು ಮುಖಗಳನ್ನೂ ಕಂಡರು. ಸಿಂಧ್‌ನ ಸುಕ್ಕೂರಿನಲ್ಲಿ ಪಕ್ಕದಲ್ಲಿಯೇ ಸಿಂಧೂ ನದಿ ಹರಿಯುತ್ತಿದ್ದರೂ ಕುಡಿಯಲು ಶುದ್ಧ ನೀರಿರಲಿಲ್ಲ. ಪುಣೆಯ ಬಳಿ ಮಳೆಗಾಲದಲ್ಲಿ ನೀರು ಕಟ್ಟೆ ಮೀರಿ ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲದಾಗುತ್ತಿತ್ತು.

ಪುಣೆಗೆ ನೀರುಣಿಸುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಲ್ಲಿ, ಅಂದಿನ ಹೆಸರಿನಂತೆ ಫೈಫ್ ಸರೋವರದಲ್ಲಿ, 1903ರ ಸುಮಾರಿಗೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರಿಗೆ ಹೆಸರು ತಂದವು. ಕಟ್ಟೆಯ ಎತ್ತರವನ್ನು ಹೆಚ್ಚಿಸದೆ ಕೋಡಿಯ ಮೇಲೆ ಈ ಬಾಗಿಲುಗಳನ್ನು ನಿಲ್ಲಿಸಿ ಸುಮಾರು ಎಂಟು ಅಡಿ ಹೆಚ್ಚು ನೀರನ್ನು ಹಿಡಿದಿಡಲು ಸಾಧ್ಯವಾಯಿತು. ಪ್ರವಾಹ ಬಂದು ನೀರು ನಿಗದಿತ ಮಟ್ಟವನ್ನು ಮೀರಿದರೆ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಇಳಿದೊಡನೆ ಮುಚ್ಚಿಕೊಳ್ಳುತ್ತಿದ್ದವು. ನಡುರಾತ್ರಿ ನೆರೆ ಬಂದಾಗ ಕಾವಲುಗಾರನ ಎಚ್ಚರವನ್ನಷ್ಟೇ ನಂಬಿ ಕೂರಬೇಕಾದ ಪ್ರಮೇಯ ತಪ್ಪಿತು. ಇದೇ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರ್ ಬಳಿಯ ತಿಗ್ರಾ ಅಣೆಕಟ್ಟೆಗೂ ಕೃಷ್ಣರಾಜಸಾಗರಕ್ಕೂ ಬಂದವು.

1908ರ ವೇಳೆಗೆ ಅವರು ಸರ್ಕಾರಿ ಸೇವೆಯಿಂದ ಬಿಡುಗಡೆ ಬಯಸಿ ವಿದೇಶ ಪ್ರವಾಸ ಹೊರಟರು. ಯುರೋಪಿನಲ್ಲಿದ್ದಾಗಲೇ ಹೈದರಾಬಾದಿನಿಂದ ತಂತಿ ಬಂದಿತು.

ಮೂಸಿ ನದಿ ಕಲಿಸಿದ ಪಾಠ

1908ರ ಸೆಪ್ಟೆಂಬರ್ 28ರಂದು ಹೈದರಾಬಾದ್ ನಗರದ ನಡುವೆ ಹರಿಯುವ ಮೂಸಿ ನದಿ ಉಕ್ಕಿ ಹರಿಯಿತು. ಬೇಸಿಗೆಯಲ್ಲಿ ಜನ ನಡೆದೇ ದಾಟುತ್ತಿದ್ದ ಆ ಸಣ್ಣ ನದಿ ಕೆಲವೇ ಗಂಟೆಗಳಲ್ಲಿ ಸೇತುವೆಗಳನ್ನೂ ಬೀದಿಗಳನ್ನೂ ನುಂಗಿತು. ಸುಮಾರು 15,000 ಮಂದಿ ಸತ್ತರೆಂದೂ 80,000 ಮಂದಿ ಮನೆ ಕಳೆದುಕೊಂಡರೆಂದೂ ಅಂದಾಜಿಸಲಾಗಿದೆ. ಅಫ್ಜಲ್‌ಗಂಜ್‌ನ ಹುಣಸೆಮರವೊಂದನ್ನು ಏರಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಆ ಮರವನ್ನು ಹೈದರಾಬಾದಿನ ಜನ ಇಂದಿಗೂ ನೆನೆಯುತ್ತಾರೆ.

ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಅವರ ಸರ್ಕಾರ ತಕ್ಷಣದ ನೆರವಿನಲ್ಲಿ ಹಿಂದೆ ಬೀಳಲಿಲ್ಲ. ಅನ್ನದ ಕೇಂದ್ರಗಳು ತೆರೆದವು, ಅರಮನೆಯ ಆವರಣಗಳು ನಿರಾಶ್ರಿತರಿಗೆ ತೆರೆದುಕೊಂಡವು. ಆದರೆ ಅಲ್ಲಿಗೇ ನಿಲ್ಲದೆ, ಇಂಥದು ಮತ್ತೆ ಆಗದಂತೆ ಏನು ಮಾಡಬೇಕೆಂದು ತಿಳಿದವರನ್ನು ಕೇಳಿದ್ದು ಆ ಸರ್ಕಾರದ ದೊಡ್ಡತನ. 1909ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ವಿಶೇಷ ಸಲಹಾ ಇಂಜಿನಿಯರಾಗಿ ಹೈದರಾಬಾದಿಗೆ ಬಂದರು.

ಅವರು ಮೊದಲು ಮಾಡಿದ್ದು ಅಳತೆ. ನದಿಗೆ ನೀರು ಹರಿದುಬರುವ ಸುಮಾರು 860 ಚದರ ಮೈಲಿ ಪ್ರದೇಶದ ಲೆಕ್ಕ ತೆಗೆದರು. ಅಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಮೈಲಿಗೊಂದು ಕೆರೆ. ಆ ಮಹಾಮಳೆಯಲ್ಲಿ 221 ಕೆರೆಗಳ ಏರಿ ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನದನ್ನು ಒಡೆದು, ಮಳೆಯ ನೀರಿನೊಡನೆ ಕೆರೆಗಳ ನೀರೂ ಒಟ್ಟಾಗಿ ನಗರದ ಮೇಲೆ ಎರಗಿತ್ತು. ನದಿಯಲ್ಲಿ ಹರಿದ ನೀರಿನ ಗರಿಷ್ಠ ಪ್ರಮಾಣವನ್ನು ಅವರು 4,25,000 ಕ್ಯೂಸೆಕ್ ಎಂದು ಅಂದಾಜಿಸಿದರು. ದೈವಕೋಪವೆಂದು ಜನ ನಿಟ್ಟುಸಿರುಬಿಟ್ಟು ಸುಮ್ಮನಾಗಬಹುದಾಗಿದ್ದ ಘಟನೆ ಹೀಗೆ ಕಾರಣ, ಪರಿಣಾಮ, ಪ್ರಮಾಣಗಳಿರುವ ಒಂದು ಸಮಸ್ಯೆಯಾಯಿತು. ಅಳೆಯಲು ಬಂದುದಕ್ಕೆ ಪರಿಹಾರವನ್ನೂ ಹುಡುಕಬಹುದು.

ಪ್ರವಾಹಕ್ಕೆ ಒಂದು ವರ್ಷ ತುಂಬಿದ ಬೆನ್ನಲ್ಲೇ, 1909ರ ಅಕ್ಟೋಬರ್ 1ರಂದು, ವರದಿ ಸಿದ್ಧವಾಯಿತು. ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಒಂದೊಂದು ಜಲಾಶಯ ಕಟ್ಟಬೇಕು. ದೊಡ್ಡ ನೆರೆ ಬಂದಾಗ ಅವು ನೀರನ್ನು ತಡೆದು ನಿಲ್ಲಿಸಿಕೊಂಡು, ನದಿಯ ಪಾತ್ರ ತಾಳುವಷ್ಟನ್ನು ಮಾತ್ರ ಕೆಳಗೆ ಬಿಡಬೇಕು. ನಗರದೊಳಗೆ ದಡಗಳನ್ನು ಎತ್ತರಿಸಿ ಗೋಡೆ ಕಟ್ಟಬೇಕು. ದಡದ ಮೇಲೆ ಇಕ್ಕಟ್ಟಾಗಿ ಮನೆಗಳನ್ನು ಕಟ್ಟಲು ಬಿಡದೆ ರಸ್ತೆ, ಉದ್ಯಾನಗಳಿಗೆ ಮೀಸಲಿಡಬೇಕು. ಒಳಚರಂಡಿಯನ್ನು ಸರಿಪಡಿಸಬೇಕು. ಹೀಗೆ ಪುನರ್ವಸತಿ, ಆರೋಗ್ಯ, ನಗರ ಯೋಜನೆ ಎಲ್ಲವೂ ಒಂದೇ ವರದಿಯ ಅಂಗಗಳಾಗಿದ್ದವು.

ವರದಿ ಕಪಾಟು ಸೇರಲಿಲ್ಲ. 1912ರಲ್ಲಿ ನಗರ ಸುಧಾರಣಾ ಮಂಡಳಿ ರಚನೆಯಾಯಿತು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನೆರೆ ತಡೆಯಲೆಂದು ಹುಟ್ಟಿದ ಯೋಜನೆಯೇ ನಗರಕ್ಕೆ ದಶಕಗಳ ಕಾಲ ಕುಡಿಯುವ ನೀರು ಕೊಟ್ಟಿತು. ದುರಂತ ನಡೆದು ಹತ್ತೊಂಬತ್ತು ವರ್ಷಗಳವರೆಗೂ, ನಿಜಾಮರು ಬದಲಾದರೂ, ಸರ್ಕಾರ ಕೈಗೆತ್ತಿಕೊಂಡ ಕೆಲಸವನ್ನು ಬಿಡಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಕಾವೇರಿಯಿಂದ ಭದ್ರೆಗೆ

1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರಾದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿಯ ಕಟ್ಟೆಗೆ 1911ರಲ್ಲಿ ಚಾಲನೆ ದೊರೆಯಿತು. ಶಿವನಸಮುದ್ರದ ವಿದ್ಯುತ್ತಿಗೂ ಕೋಲಾರದ ಚಿನ್ನದ ಗಣಿಗೂ ವರ್ಷವಿಡೀ ನೀರಿನ ಭರವಸೆ ಬೇಕಿತ್ತು, ಮಂಡ್ಯದ ಒಣನೆಲಕ್ಕೆ ನಾಲೆ ಬೇಕಿತ್ತು. ಮಳೆ ಬಂದರೆ ಬೆಳೆ, ಇಲ್ಲವಾದರೆ ಗುಳೆ ಎಂಬಂತಿದ್ದ ಸೀಮೆ ಕಬ್ಬು, ಭತ್ತಗಳ ನಾಡಾಯಿತು. ಬರಕ್ಕೆ ಗಂಜಿ ಕೇಂದ್ರಕ್ಕಿಂತ ನಾಲೆಯೇ ಉತ್ತರವೆಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಬರಕ್ಕೆ ಇನ್ನೊಂದು ಉತ್ತರ ಕೈಗಾರಿಕೆ ಎಂಬುದು ಅವರ ನಂಬಿಕೆ. ಮಲೆನಾಡಿನಲ್ಲಿ ಕಾಡಿತ್ತು, ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರಿತ್ತು, ಸನಿಹದಲ್ಲಿ ಸುಣ್ಣಕಲ್ಲಿತ್ತು. ಬೆಂಕಿಪುರವೆಂಬ ಸಣ್ಣ ಊರಿನ ಪಕ್ಕದಲ್ಲಿ ಭದ್ರಾ ನದಿ ಹರಿಯುತ್ತಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿಯೇ ರೈಲು ಬಂದಿತ್ತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಟ್ಟಿಗೆಯ ಇದ್ದಿಲಿನಿಂದಲೇ ಕಬ್ಬಿಣ ತೆಗೆಯುವ ಯೋಜನೆಗೆ 1918ರಲ್ಲಿ ಒಪ್ಪಿಗೆ ದೊರೆಯಿತು. ಬೆಂಕಿಪುರ ಭದ್ರಾವತಿಯಾಯಿತು.

ಅದೇ ವರ್ಷ ಮಳೆ ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು, ಇನ್‌ಫ್ಲುಯೆಂಜಾ ಮಹಾಮಾರಿ ಸಂಸ್ಥಾನದಲ್ಲಿ ಲಕ್ಷಕ್ಕೂ ಮಿಕ್ಕಿ ಜೀವ ತೆಗೆಯಿತು. ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಹೊರಬಂದರು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ನೀಡುವ ಸಂಬಂಧ ಮಹಾರಾಜರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಆ ಮೀಸಲಿನ ತತ್ವ ದಿವಾನರಿಗೆ ಒಪ್ಪಿಗೆಯಾಗಿರಲಿಲ್ಲ. ಇತಿಹಾಸ ಈ ವಿಷಯದಲ್ಲಿ ಅವರ ಪರ ನಿಲ್ಲಲಿಲ್ಲ. ಮಿಲ್ಲರ್ ಸಮಿತಿ ತೋರಿದ ದಾರಿಯೇ ಮುಂದೆ ರಾಜ್ಯದ ನೀತಿಯಾಯಿತು.

ಭದ್ರಾವತಿಯ ಊದುಕುಲುಮೆಯಿಂದ ಮೊದಲ ಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ. ಆದರೆ ಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ನೆಲಕಚ್ಚಿತ್ತು. ಕಾರ್ಖಾನೆ ನಷ್ಟ ಅನುಭವಿಸತೊಡಗಿತು. ಸರ್ಕಾರದ ಹಣವನ್ನು ಕಾಡಿನಲ್ಲಿ ಸುಡುತ್ತಿದ್ದಾರೆಂಬ ಟೀಕೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು. ದುಬಾರಿ ಸಂಬಳದ ವಿದೇಶಿ ತಜ್ಞರ ಸಂಖ್ಯೆ ಇಳಿಯಿತು, ಸ್ಥಳೀಯ ಯುವಕರಿಗೆ ತರಬೇತಿ ದೊರೆಯಿತು. ಕಟ್ಟಿಗೆಯಿಂದ ಇದ್ದಿಲು ಮಾಡುವಾಗ ದೊರೆಯುವ ಉಪವಸ್ತುಗಳೂ ಮಾರಾಟಕ್ಕೆ ಹೋದವು. ಕೊಳವೆ ತಯಾರಿಕೆ ಆರಂಭವಾಯಿತು. 1929ರವರೆಗೆ ಅವರು ಈ ಹೊಣೆ ಹೊತ್ತರು. ಈ ಅವಧಿಯ ಸಂಬಳವನ್ನು ಅವರು ತಮಗಾಗಿ ಬಳಸಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಅದು ಮೂಲಧನವಾಯಿತು. 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರಿಡಲು ಅವರು ಒಪ್ಪಲಿಲ್ಲ. ಅದು ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಪಡೆಯಿತು.

ಒಂದು ಕಾರ್ಖಾನೆಗೂ ಪ್ರಕೃತಿ ವಿಕೋಪಕ್ಕೂ ಏನು ನಂಟು ಎಂದು ಕೇಳಬಹುದು. ಮಳೆ ತಪ್ಪಿದ ವರ್ಷವೂ ತಿಂಗಳ ಕೊನೆಗೆ ಸಂಬಳ ಬರುವ ಮನೆಗೆ ಬರ ಅಷ್ಟು ಸುಲಭವಾಗಿ ನುಗ್ಗುವುದಿಲ್ಲ. ಕ್ಷಾಮ ಆಯೋಗ ಕಾಗದದ ಮೇಲೆ ಬರೆದದ್ದನ್ನು ಭದ್ರಾವತಿ ಕಾರ್ಯದಲ್ಲಿ ತೋರಿಸಿತು. ಮುಂದೆ ಅಲ್ಲಿಗೆ ಕಾಗದದ ಕಾರ್ಖಾನೆಯೂ ಸಿಮೆಂಟ್ ಕಾರ್ಖಾನೆಯೂ ಬಂದವು, ಸಾವಿರಾರು ಕುಟುಂಬಗಳಿಗೆ ಅನ್ನದ ದಾರಿಯಾಯಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರಿಗೆ ಊರೇ ತಲ್ಲಣಿಸಿದ್ದರ ಹಿನ್ನೆಲೆ ಇದು.

ಗಾಂಧೀಜಿಯವರ ಕರೆ

ಯಂತ್ರ ಮತ್ತು ಬೃಹತ್ ಕೈಗಾರಿಕೆಯ ವಿಷಯದಲ್ಲಿ ಗಾಂಧೀಜಿಯವರಿಗೂ ವಿಶ್ವೇಶ್ವರಯ್ಯನವರಿಗೂ ಅಭಿಪ್ರಾಯ ಕೂಡುತ್ತಿರಲಿಲ್ಲ. ಆದರೂ 1927ರ ಮೈಸೂರು ಪ್ರವಾಸದಲ್ಲಿ ಶಿವಮೊಗ್ಗ ಸೀಮೆಗೆ ಬಂದ ಗಾಂಧೀಜಿ ಭದ್ರಾವತಿಯ ಕಾರ್ಖಾನೆಯನ್ನೂ ಕಂಡಿದ್ದರು. ಹತ್ತು ವರ್ಷಗಳ ಬಳಿಕ, 1937ರಲ್ಲಿ, ಒರಿಸ್ಸಾ ಪ್ರಾಂತ ಮಹಾನದಿಯ ನೆರೆಗೆ ಸಿಕ್ಕಿ ನರಳಿದಾಗ ಗಾಂಧೀಜಿಗೆ ನೆನಪಾದದ್ದು ಇದೇ ಇಂಜಿನಿಯರು. ಚರಕದ ಪ್ರತಿಪಾದಕರು ಯಂತ್ರದ ಪ್ರತಿಪಾದಕರನ್ನು ಕರೆದರು, ಅವರು ಹೋದರು. ಜನ ನೀರಿನಲ್ಲಿ ನಿಂತಿರುವಾಗ ತತ್ವದ ಜಗಳಕ್ಕೆ ಅಲ್ಲಿ ಎಡೆಯಿರಲಿಲ್ಲ.

ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಅವರು ಒರಿಸ್ಸಾದಲ್ಲಿ ಸುತ್ತಾಡಿ ವರದಿ ನೀಡಿದರು. ಮುಖಜ ಭೂಮಿಯಲ್ಲಿ ದಡಕ್ಕೆ ಮಣ್ಣು ಏರಿಸುತ್ತ ಹೋಗುವುದರಿಂದ ಪ್ರಯೋಜನ ಸಾಲದು, ಮೇಲ್ಭಾಗದಲ್ಲಿಯೇ ನೀರನ್ನು ತಡೆದಿಡುವ ಜಲಾಶಯಗಳು ಬೇಕೆಂಬುದು ಅದರ ದಿಕ್ಕು. ಸ್ವಾತಂತ್ರ್ಯದ ಬಳಿಕ ಮಹಾನದಿಗೆ ಕಟ್ಟಿದ ಹಿರಾಕುಡ್ ಅಣೆಕಟ್ಟೆ 1957ರಲ್ಲಿ ಲೋಕಾರ್ಪಣೆಯಾಯಿತು.

ತೊಂಬತ್ತು ದಾಟಿದ ಮೇಲೂ, ಬಿಹಾರದ ಮೊಕಾಮಾ ಬಳಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನಿರ್ಧರಿಸುವ ಸಮಿತಿಯ ನೇತೃತ್ವವನ್ನು ಅವರು ವಹಿಸಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. 1960ರ ಸೆಪ್ಟೆಂಬರ್ 15ರಂದು ಅವರು ನೂರನೆಯ ವರ್ಷಕ್ಕೆ ಕಾಲಿಟ್ಟಾಗ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 1962ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಕಟ್ಟೆಗಳ ಇನ್ನೊಂದು ಮುಖ

ಅವರು ತೀರಿಕೊಳ್ಳುವ ಹಿಂದಿನ ವರ್ಷ ಒಂದು ಘಟನೆ ನಡೆಯಿತು. 1961ರ ಜುಲೈ 12ರಂದು ಪುಣೆಯ ಮೇಲಿನ ಪಾನ್‌ಶೆತ್ ಅಣೆಕಟ್ಟೆ ಕಾಮಗಾರಿ ಪೂರ್ಣಗೊಳ್ಳುವ ಮುನ್ನವೇ ನೀರು ತುಂಬಿ ಒಡೆಯಿತು. ಆ ನೀರು ಬಂದು ಅಪ್ಪಳಿಸಿ ಕೆಳಗಿನ ಖಡಕ್‌ವಾಸ್ಲಾ ಕಟ್ಟೆಯೂ ಕುಸಿಯಿತು. ಅರವತ್ತು ವರ್ಷಗಳ ಹಿಂದೆ ತರುಣ ವಿಶ್ವೇಶ್ವರಯ್ಯನವರು ತಮ್ಮ ಬಾಗಿಲುಗಳನ್ನು ನಿಲ್ಲಿಸಿದ್ದ ಕಟ್ಟೆಯೇ ಅದು. ಪುಣೆ ನಗರ ಮುಳುಗಿತು. ಮೂಸಿಯ ಮೇಲ್ಭಾಗದಲ್ಲಿ 1908ರಲ್ಲಿ ಕೆರೆಯ ಹಿಂದೆ ಕೆರೆ ಒಡೆದಂತೆಯೇ ಇಲ್ಲಿ ಕಟ್ಟೆಯ ಹಿಂದೆ ಕಟ್ಟೆ ಒಡೆದಿತ್ತು. ಕಟ್ಟೆ ಕಟ್ಟಿದ ಮಾತ್ರಕ್ಕೆ ಪ್ರವಾಹ ನಿಂತಿತೆಂದು ನೆಮ್ಮದಿಯಾಗಿರುವಂತಿಲ್ಲ. ಕಟ್ಟೆಯೇ ಅಪಾಯವಾಗದಂತೆ ನೋಡಿಕೊಳ್ಳುವುದು ಕಟ್ಟಿದ ಸರ್ಕಾರದ ಎಂದೂ ಮುಗಿಯದ ಹೊಣೆ.

ಕಟ್ಟೆಗಳಿಗೆ ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಹಳೆಯ ಕನ್ನಂಬಾಡಿ ಗ್ರಾಮ ನೀರಿನಡಿ ಸೇರಿತು. ಅದರ ವೇಣುಗೋಪಾಲಸ್ವಾಮಿ ದೇವಾಲಯ ಬರದ ವರ್ಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಕಟ್ಟೆಯಿಂದ ಬೆಳೆ ಕಂಡವರು ಒಂದು ಕಡೆಯವರಾದರೆ ಮನೆ ಕಳೆದುಕೊಂಡವರು ಇನ್ನೊಂದು ಕಡೆಯವರು. ಶಿವಮೊಗ್ಗ ಜಿಲ್ಲೆಗೆ ಈ ನೋವು ಇನ್ನೂ ಹತ್ತಿರದ್ದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ನೆಲೆ ಕಳೆದುಕೊಂಡ ಶರಾವತಿ ಮುಳುಗಡೆ ಸಂತ್ರಸ್ತರು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ನೆರೆಯಲ್ಲಿ ಮನೆ ಕಳೆದುಕೊಂಡವನಿಗೆ ಸರ್ಕಾರ ಹೇಗೆ ಹೊಣೆಯೋ ಸರ್ಕಾರದ ಯೋಜನೆಯಿಂದ ಮನೆ ಕಳೆದುಕೊಂಡವನಿಗೂ ಹಾಗೆಯೇ ಹೊಣೆ. ಭದ್ರಾವತಿಯ ಕುಲುಮೆಗೆ ಇದ್ದಿಲಾದ ಮಲೆನಾಡಿನ ಕಾಡಿನ ಲೆಕ್ಕವೂ ಇದೇ ಖಾತೆಗೆ ಸೇರಬೇಕಾದುದು. ಲೆಕ್ಕದಲ್ಲಿ ಕಟ್ಟುನಿಟ್ಟಾಗಿದ್ದ ವಿಶ್ವೇಶ್ವರಯ್ಯನವರ ಕಾಲದ ಯೋಜನೆಗಳಲ್ಲಿ ಈ ಬಾಬತ್ತಿಗೆ ದೊರೆತ ಸ್ಥಾನ ಕಿರಿದು.

ತುಂಗೆ, ಭದ್ರೆ ಮತ್ತು ಖಾಲಿ ಜಾಗ

ಹೈದರಾಬಾದಿನ ವರದಿಯ ತಿರುಳನ್ನು ಶಿವಮೊಗ್ಗ, ಭದ್ರಾವತಿಗಳಿಗೆ ಅನ್ವಯಿಸಿ ನೋಡಿದರೆ ಒಂದು ಮುಖ್ಯ ಸಂಗತಿ ಗೋಚರಿಸುತ್ತದೆ. ಭದ್ರಾವತಿಯ ಮೇಲ್ಭಾಗದಲ್ಲಿ ಲಕ್ಕವಳ್ಳಿಯ ಬಳಿ 71.5 ಟಿಎಂಸಿ ಅಡಿ ನೀರು ಹಿಡಿಯುವ, 186 ಅಡಿ ಮಟ್ಟದ ಭದ್ರಾ ಜಲಾಶಯವಿದೆ. ಶಿವಮೊಗ್ಗದ ಮೇಲ್ಭಾಗದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆ ಹಿಡಿಯಬಲ್ಲದು 3.24 ಟಿಎಂಸಿ ಅಡಿ ಮಾತ್ರ. ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಸುರಿದ ಮಳೆಯನ್ನು ತುಂಗೆ ಹೆಚ್ಚುಕಡಿಮೆ ನೇರವಾಗಿ ಶಿವಮೊಗ್ಗಕ್ಕೆ ತಂದು ಒಪ್ಪಿಸುತ್ತಾಳೆ. ಭದ್ರೆಗೆ ನಡುವೆ ತಂಗಲು ಒಂದು ಮನೆಯಿದೆ.

ಆದರೆ ಆ ಮನೆಯಲ್ಲಿ ಜಾಗವಿದ್ದರಷ್ಟೇ ಉಪಯೋಗ. ನೆರೆಯನ್ನು ತಡೆಯಬೇಕಾದ ಜಲಾಶಯದಲ್ಲಿ ನೆರೆ ಬರುವ ಮುನ್ನ ಖಾಲಿ ಜಾಗವಿರಬೇಕು. ನೀರಾವರಿಗೆ, ವಿದ್ಯುತ್ತಿಗೆ ಬೇಕಾದ ಜಲಾಶಯ ಮಾತ್ರ ಆದಷ್ಟು ಬೇಗ ತುಂಬಬೇಕು. ಜಲಾಶಯ ತುಂಬಿದ ದಿನ ಅಚ್ಚುಕಟ್ಟಿನ ರೈತನಿಗೆ ಹಬ್ಬ, ನದಿಯಂಚಿನ ಮನೆಯವನಿಗೆ ಆತಂಕ. ತುಂಬಿದ ಮೇಲೆ ಮತ್ತೆ ಮಳೆ ಬಂದರೆ ಬಂದಷ್ಟನ್ನೂ ಹೊರಗೆ ಬಿಡಲೇಬೇಕು, ಆಗ ಭದ್ರಾವತಿಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗುತ್ತದೆ. ಈ ಎರಡು ಅಗತ್ಯಗಳ ನಡುವೆ ತೂಗಿ ನಡೆಯಲು ಮಳೆಯ ಮುನ್ಸೂಚನೆ ಬೇಕು, ಒಳಹರಿವಿನ ಲೆಕ್ಕ ಬೇಕು, ಯಾವ ದಿನ ಯಾವ ಮಟ್ಟವನ್ನು ಮೀರಬಾರದೆಂಬ ನಿಯಮ ಬೇಕು, ಆ ನಿಯಮವನ್ನು ಪಾಲಿಸುವ ಧೈರ್ಯವೂ ಬೇಕು.

ನದಿಗೂ ಜಾಗ ಬೇಕು. ದಡದಲ್ಲಿ ಇಕ್ಕಟ್ಟಾಗಿ ಮನೆ ಕಟ್ಟಬಾರದೆಂದು ಹೈದರಾಬಾದಿಗೆ ನೀಡಿದ ಸಲಹೆ ಒಂದು ಶತಮಾನದ ಬಳಿಕವೂ ಹಳತಾಗಿಲ್ಲ. ಅದೇ ಹೈದರಾಬಾದ್ 2000ದ ಆಗಸ್ಟ್‌ನಲ್ಲಿಯೂ 2020ರ ಅಕ್ಟೋಬರ್‌ನಲ್ಲಿಯೂ ಮತ್ತೆ ಮುಳುಗಿತು. ಎರಡು ಜಲಾಶಯಗಳು ನಿಂತಿದ್ದವು. ಆದರೆ ಅವುಗಳ ಕೆಳಗಿನ ನಗರ ಬೆಳೆಯುತ್ತ ತನ್ನ ಕೆರೆಗಳನ್ನೂ ಕಾಲುವೆಗಳನ್ನೂ ಒತ್ತುವರಿ ಮಾಡಿಕೊಂಡಿತ್ತು. ಇಂಜಿನಿಯರು ಕಟ್ಟಿಕೊಟ್ಟುದನ್ನು ನಗರಾಡಳಿತ ಕಾಯ್ದುಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಅದು ನಿದರ್ಶನ.

2005ರಲ್ಲಿ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂದಿತು. ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಇರಬೇಕು, ಯೋಜನೆ ಸಿದ್ಧವಿರಬೇಕು, ಪರಿಹಾರದಷ್ಟೇ ಮುನ್ನೆಚ್ಚರಿಕೆಗೂ ಮಹತ್ವವಿರಬೇಕೆಂಬುದು ಅದರ ಆಶಯ. ವಿಶ್ವೇಶ್ವರಯ್ಯನವರು 1909ರಲ್ಲಿ ಹಿಡಿದ ದಾರಿಯೂ ಅದೇ. ಆದರೆ ಕಾಯ್ದೆ ಎಷ್ಟೇ ಚೆನ್ನಾಗಿದ್ದರೂ, ನೀರು ಇಳಿದು ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದ ಮೇಲೆ ಒಬ್ಬ ಅಧಿಕಾರಿ ಅಳತೆಪಟ್ಟಿ ಹಿಡಿದು ನದಿಯಂಚಿಗೆ ಹೋಗುತ್ತಾನೆಯೇ ಎಂಬುದರ ಮೇಲೆ ಅದರ ಫಲ ನಿಂತಿದೆ.

ಪ್ರತಿ ವರ್ಷ ಸೆಪ್ಟೆಂಬರ್ 15ರಂದು, ಇಂಜಿನಿಯರುಗಳ ದಿನಾಚರಣೆಯ ನೆಪದಲ್ಲಿ, ಭದ್ರಾವತಿಯಲ್ಲಿಯೂ ಶಿವಮೊಗ್ಗದಲ್ಲಿಯೂ ಸರ್ ಎಂ.ವಿ. ಅವರ ಭಾವಚಿತ್ರಗಳಿಗೆ ಹಾರ ಬೀಳುತ್ತದೆ. ಆ ಹೊತ್ತಿಗೆ ಮುಂಗಾರಿನ ಬಿರುಸು ಸಾಮಾನ್ಯವಾಗಿ ತಗ್ಗಿರುತ್ತದೆ, ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ನೀರಿನಿಂದ ಮೇಲೆದ್ದು ಕಾಣುತ್ತಿರುತ್ತದೆ. ಆ ವರ್ಷದ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಗಳ ಮೇಲಿನ ಕೆಸರಿನ ಗೆರೆಗಳು ಮಾಸುವ ಮುನ್ನ ಗುರುತು ಹಾಕಿಕೊಳ್ಳಲು ಅದೇ ಸಕಾಲ.